ಫಿಟ್ಸ್ ಬಂದಾಗ ಸಕ್ಕರೆಯನ್ನೂ ನೋಡಿ

ಸುಡುವ ಜ್ವರದಲ್ಲಿ ಮಗುವಿನ ಕಣ್ಣುಗುಡ್ಡೆ ಮೇಲೆ ಹೋಗಿ, ಕೈಕಾಲು ಸೆಟೆದು ಅದುರತೊಡಗಿದರೆ ಹೆತ್ತವರ ಜೀವ ಬಾಯಿಗೆ ಬರುತ್ತದೆ. ಒಬ್ಬರು ಕೈಗೆ ಕಬ್ಬಿಣ ಹಿಡಿಸುತ್ತಾರೆ, ಇನ್ನೊಬ್ಬರು ಹಲ್ಲಿನ ನಡುವೆ ಚಮಚ ತುರುಕುತ್ತಾರೆ. ಎರಡೂ ಬೇಡ. ಮಗುವನ್ನು ಮಗ್ಗುಲಾಗಿ ಮಲಗಿಸಿ, ಗಡಿಯಾರ ನೋಡಿ. 5 ನಿಮಿಷವಾದರೂ ನಿಲ್ಲದಿದ್ದರೆ ಆಂಬುಲೆನ್ಸ್ ಕರೆಯಿರಿ. ನಿಂತರೂ ವೈದ್ಯರಿಗೆ ತೋರಿಸಿ. 6 ತಿಂಗಳಿಂದ 5 ವರ್ಷದವರೆಗೆ ಕಾಣುವ ಈ ಜ್ವರದ ಫಿಟ್ಸ್ ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ, ಮಿದುಳಿಗೆ ಪೆಟ್ಟು ಕೊಡುವುದಿಲ್ಲ.

ಮಗು ಪ್ರೊಪ್ರನೊಲೋಲ್ ಕುಡಿಯುತ್ತಿದ್ದರೆ ಮಾತ್ರ ಇಷ್ಟಕ್ಕೇ ಸಮಾಧಾನ ಪಡುವಂತಿಲ್ಲ.

ಇದು ಬೀಟಾ ಬ್ಲಾಕರ್. ದೊಡ್ಡವರ ಬಿಪಿಗೆ, ಎದೆಬಡಿತಕ್ಕೆ ಕೊಡುತ್ತಿದ್ದ ಹಳೆಯ ಔಷಧಿ. ಹಸುಗೂಸುಗಳ ಪಾಲಿಗೆ ಅದು ಬಂದದ್ದು ಆಕಸ್ಮಿಕವಾಗಿ. ಫ್ರಾನ್ಸಿನ ಬೋರ್ಡೋದಲ್ಲಿ ಮೂಗಿನ ಮೇಲೆ ಹೆಮಾಂಜಿಯೋಮಾ, ಅಂದರೆ ರಕ್ತನಾಳಗಳ ಕೆಂಪು ಗಂಟು, ಇದ್ದ ಮಗುವಿಗೆ ಸ್ಟೀರಾಯ್ಡ್ ಕೊಡುವಾಗ ಹೃದಯದ ಸ್ನಾಯು ದಪ್ಪಗಾಯಿತು. ಹೃದಯಕ್ಕೆಂದು ಪ್ರೊಪ್ರನೊಲೋಲ್ ಕೊಟ್ಟರೆ ಮರುದಿನವೇ ಗಂಟಿನ ಬಣ್ಣ ಬದಲಾಗಿ, ಅದು ಮೆತ್ತಗಾಗಿತ್ತು! ಕ್ರಿಸ್ಟೀನ್ ಲಿಯೋಟೆ-ಲಾಬ್ರೆಜ್ ಮತ್ತು ಸಂಗಡಿಗರು 2008ರಲ್ಲಿ ಇದನ್ನು ಪ್ರಕಟಿಸಿದ ಮೇಲೆ ಚಿಕಿತ್ಸೆಯ ದಾರಿಯೇ ಬದಲಾಯಿತು. ಎಷ್ಟೋ ಎಳೆಯ ಮಕ್ಕಳ ಕಣ್ಣು, ಮುಖ, ಉಸಿರು ಉಳಿಸಿದ ಔಷಧಿ ಇದು, ಹೆದರಿ ದೂರವಿಡಬೇಕಾದದ್ದಲ್ಲ.

ತೊಡಕು ಇರುವುದು ಹಸಿವಿನಲ್ಲಿ. ಹೊಟ್ಟೆ ಖಾಲಿಯಾದಾಗ ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡಬೇಕು. ಎಳೆಯ ಮಕ್ಕಳಲ್ಲಿ ಆ ದಾಸ್ತಾನೇ ಕಡಿಮೆ. ಪ್ರೊಪ್ರನೊಲೋಲ್ ಅದನ್ನು ಬಿಡುವುದಕ್ಕೂ ಅಡ್ಡಿಮಾಡುತ್ತದೆ. ಜ್ವರ ಬಂದ ಮಗು ಹಾಲು ಬಿಟ್ಟರೆ, ವಾಂತಿ ಮಾಡಿದರೆ ಸಕ್ಕರೆ ಕುಸಿಯಬಹುದು. ಎದೆ ಹೊಡೆದುಕೊಳ್ಳುವುದು, ನಡುಕ ಮುಂತಾದ ಮುನ್ಸೂಚನೆಗಳನ್ನೂ ಔಷಧಿ ಮರೆಮಾಡುತ್ತದೆ. ಮಗು ಮಂಕಾಗುತ್ತದೆ, ಮೈ ತಣ್ಣಗೆ ಬೆವರಬಹುದು, ನೇರವಾಗಿ ಫಿಟ್ಸೇ ಬರಬಹುದು. ಹಿಂದೊಮ್ಮೆ ಜ್ವರದ ಫಿಟ್ಸ್ ಕಂಡ ಮನೆಯಲ್ಲಿ ಇದನ್ನೂ ಅದೇ ಎಂದುಕೊಳ್ಳುವುದು ಸಹಜ. ನನಗೆ ಅತಿ ಹೆಚ್ಚು ಭಯವಾಗುವುದು ಇಲ್ಲೇ: ಸಕ್ಕರೆ ಕುಸಿತ ಉಳಿದುಬಿಟ್ಟರೆ ಮಿದುಳಿಗೆ ಹಾನಿಯಾಗಬಹುದು.

ಆದ್ದರಿಂದ ಈ ಔಷಧಿ ಹಾಲು ಅಥವಾ ಊಟದ ಜೊತೆಗೇ ಕೊಡಬೇಕು. ಹೆಮಾಂಜಿಯೋಮಾದ ಮಗು ಹಾಲು ಕುಡಿಯದಿದ್ದರೆ, ವಾಂತಿ ಮಾಡುತ್ತಿದ್ದರೆ, ಗೊರಗೊರ ಉಬ್ಬಸವಿದ್ದರೆ ಆ ಹೊತ್ತಿನ ಡೋಸ್ ನಿಲ್ಲಿಸಿ ವೈದ್ಯರಿಗೆ ಫೋನ್ ಮಾಡಿ. ಹೃದಯದ ತೊಂದರೆಗೆ ಕೊಡುತ್ತಿದ್ದರೆ ಮಾತ್ರ ಅವರನ್ನು ಕೇಳದೆ ನಿಲ್ಲಿಸಬೇಡಿ.

ಫಿಟ್ಸ್ ಬಂದ ಮಗುವನ್ನು ಆಸ್ಪತ್ರೆಗೆ ಒಯ್ದಾಗ ಔಷಧಿಯ ಬಾಟಲಿಯನ್ನೇ ತೋರಿಸಿ. ಕೊನೆಯ ಡೋಸ್ ಎಷ್ಟು ಹೊತ್ತಿಗೆ, ಕೊನೆಯ ಹಾಲು ಎಷ್ಟು ಹೊತ್ತಿಗೆ ಎಂದು ಹೇಳಿ, ಮೊದಲು ಗ್ಲುಕೋಮೀಟರಿನಲ್ಲಿ ಸಕ್ಕರೆ ನೋಡಲು ಕೇಳಿ.