ಅಪ್ಪ ಓದಿದ ಕೆಂಪು ಗೋಡೆ

ಇತಿಹಾಸದ ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆ ಬಂದಿತ್ತು: ‘ಪುನರುಜ್ಜೀವನ ಕಾಲದ ಕಲೆ ಮತ್ತು ವಾಸ್ತುಶಿಲ್ಪವನ್ನು ವಿವರಿಸಿ.’ ನಾಲ್ಕು ಪುಟ ತುಂಬಿಸಿ ಬಂದೆ. ಫ್ಲಾರೆನ್ಸ್ ನಗರ, ಮೆಡಿಚಿ ಮನೆತನ, ಮೈಕೆಲೆಂಜೆಲೊ, ಗ್ರೀಕ್-ರೋಮನ್ ಕಂಬಗಳು, ಎಲ್ಲವೂ ಬಾಯಿಪಾಠ. ಹೊರಗೆ ಬಂದಮೇಲೆ ಗೆಳತಿ ಕೇಳಿದಳು, “ಅಲ್ಲಲೇ, ಡೋರಿಕ್ ಕಂಬ ಅಂದ್ರ ಹೆಂಗಿರ್ತೈತಿ?” ನನಗೆ ಉತ್ತರ ಗೊತ್ತಿರಲಿಲ್ಲ. ನಾಲ್ಕು ಪುಟ ಬರೆದವಳು ಒಂದು ಕಂಬವನ್ನೂ ನೋಡಿರಲಿಲ್ಲ!

ನಮ್ಮೂರು ನಿಪ್ಪಾಣಿ ತಾಲ್ಲೂಕಿನ ಬೇಡಕಿಹಾಳ. ಸುತ್ತ ಎತ್ತ ನೋಡಿದರೂ ಕಬ್ಬು. ನಮಗೆ ಕಬ್ಬಿನ ಹೊಲವಿಲ್ಲ. ಅಪ್ಪ ಹದಿನೆಂಟು ವರ್ಷಗಳಿಂದ ಗೋವಾದಲ್ಲಿ ಗೌಂಡಿ ಕೆಲಸ ಮಾಡುತ್ತಾನೆ. ದೀಪಾವಳಿಗೆ, ಯುಗಾದಿಗೆ ಬರುತ್ತಾನೆ; ಗೋಡಂಬಿ ಪೊಟ್ಟಣ ತರುತ್ತಾನೆ, ನಾಲ್ಕು ದಿನ ಇದ್ದು ಹೋಗುತ್ತಾನೆ. “ನಿಮ್ಮಪ್ಪ ಗೋವಾದಾಗ ಇರ್ತಾರಂತ, ಮಜಾ ಬಿಡವಾ ನಿಂದು” ಎನ್ನುವ ಕ್ಲಾಸಿನವರ ಮುಂದೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಕಾಲೇಜಿನ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬಲ್ಲಿ ಮೂರು ವರ್ಷ ‘ಖಾಸಗಿ ಕೆಲಸ’ ಎಂದೇ ಬರೆದಿದ್ದೇನೆ. ಸುಳ್ಳಲ್ಲ. ನಿಜವೂ ಅಲ್ಲ.

ಕಳೆದ ಡಿಸೆಂಬರ್‌ನಲ್ಲಿ ಅವ್ವ ಮತ್ತು ನಾನು ಎರಡು ದಿನದ ಮಟ್ಟಿಗೆ ಅಪ್ಪನಲ್ಲಿಗೆ ಹೋದೆವು. ನಿಪ್ಪಾಣಿಯಿಂದ ಬೆಳಗಾವಿ, ಅಲ್ಲಿಂದ ಚೋರ್ಲಾ ಘಾಟ್ ಇಳಿದು ಪಣಜಿ. ಮರುದಿನ ಭಾನುವಾರ, ಅಪ್ಪನಿಗೆ ರಜೆ. “ಸಮುದ್ರಕ್ಕ ಹೋಗೂಣೇನು?” ಎಂದ. ನಾನು “ಹಳೇ ಗೋವಾದ ಚರ್ಚಿಗೆ” ಎಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ, “ನಮ್ಮನ್ನ ಒಳಗ ಬಿಡ್ತಾರೇನು?” ಹದಿನೆಂಟು ವರ್ಷಗಳಲ್ಲಿ ಆ ಚರ್ಚಿನ ಮುಂದೆ ಬಸ್ಸಿನಲ್ಲಿ ಎಷ್ಟೋ ಸಲ ಹಾದುಹೋಗಿದ್ದಾನೆ. ಇಳಿದದ್ದು ಒಮ್ಮೆಯೂ ಇಲ್ಲ.

ಪಣಜಿಯಿಂದ ಹಳೇ ಗೋವಾ ಸುಮಾರು 10 ಕಿಲೋಮೀಟರ್. 1510ರಲ್ಲಿ ಪೋರ್ಚುಗೀಸರು ಗೆದ್ದುಕೊಳ್ಳುವವರೆಗೆ ಈ ಊರು ನಮ್ಮ ವಿಜಯಪುರದ ಆದಿಲ್‌ಶಾಹಿಗಳ ಕೈಯಲ್ಲಿತ್ತು. ಮುಂದೆ ಪೋರ್ಚುಗೀಸರ ಪೂರ್ವದೇಶಗಳ ರಾಜಧಾನಿಯಾಗಿ ಮೆರೆಯಿತು. ಸಾಂಕ್ರಾಮಿಕ ರೋಗಗಳಿಂದ ಜನ ಊರು ಬಿಟ್ಟರು, ರಾಜಧಾನಿ ಪಣಜಿಗೆ ಹೋಯಿತು, ಚರ್ಚುಗಳಷ್ಟೇ ಉಳಿದವು. 1986ರಲ್ಲಿ ಅವು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಬಸ್ಸಿಳಿದರೆ ರಸ್ತೆಯ ಒಂದು ಬದಿಗೆ ಬೆಳ್ಳಗಿನ ಸೇ ಕ್ಯಾಥೆಡ್ರಲ್, ಇನ್ನೊಂದು ಬದಿಗೆ ಕೆಂಪನೆಯ ಬೊಮ್ ಜೀಸಸ್ ಬೆಸಿಲಿಕಾ. ಕ್ಯಾಥೆಡ್ರಲ್‌ಗೆ ಎರಡು ಗೋಪುರಗಳಿದ್ದವು. 1776ರಲ್ಲಿ ಒಂದು ಬಿದ್ದದ್ದನ್ನು ಮತ್ತೆ ಕಟ್ಟಲೇ ಇಲ್ಲ. ನಾವು ಮೊದಲು ಕೆಂಪು ಚರ್ಚಿನ ಕಡೆ ನಡೆದೆವು. 1594ರಲ್ಲಿ ಕಟ್ಟಲು ಶುರುಮಾಡಿ 1605ರಲ್ಲಿ ಪ್ರತಿಷ್ಠಾಪಿಸಿದ ಕಟ್ಟಡ ಇದು. ಮೊಬೈಲ್‌ನಲ್ಲಿ ಕಂಬಗಳ ಚಿತ್ರ ತೆಗೆದುಕೊಂಡು ಒಂದೊಂದನ್ನೇ ಹುಡುಕತೊಡಗಿದೆ. ಸಾದಾ ಬಳೆಯಂಥ ತಲೆಯಿದ್ದರೆ ಡೋರಿಕ್. ಸುರುಳಿ ಇದ್ದರೆ ಅಯೋನಿಕ್. ಎಲೆ ಕೆತ್ತಿದ್ದರೆ ಕೊರಿಂಥಿಯನ್. ಸುರುಳಿ, ಎಲೆ ಎರಡೂ ಕೂಡಿದ್ದರೆ ಕಾಂಪೊಸಿಟ್. ಗ್ರೀಕರು, ರೋಮನ್ನರು ಬಳಸಿದ ಈ ಶೈಲಿಗಳನ್ನು ಇಟಲಿಯವರು ಸಾವಿರ ವರ್ಷಗಳ ನಂತರ ಮತ್ತೆ ಎತ್ತಿಕೊಂಡರು, ಅದೇ ಪುನರುಜ್ಜೀವನ. ಅವು ಸಮುದ್ರ ದಾಟಿ ಇಲ್ಲಿಗೂ ಬಂದವು ಎಂದು ಅಪ್ಪನಿಗೆ ಪಾಠ ಒಪ್ಪಿಸಿದೆ.

ಅಪ್ಪ ಕೇಳಿಸಿಕೊಂಡ. ಆಮೇಲೆ ಹೇಳಿದ, “ಕೆತ್ತಿದ್ದೆಲ್ಲಾ ಕರಿಕಲ್ಲು, ನೋಡು. ಗ್ವಾಡಿ ಅಷ್ಟ ಕೆಂಪುಕಲ್ಲು. ಕೆಂಪುಕಲ್ಲಾಗ ಇಷ್ಟು ನಾಜೂಕ ಕೆತ್ತಾಕ ಬರೂದಿಲ್ಲ, ಉದುರತೈತಿ.” ನಾನು ಹದಿನೈದು ನಿಮಿಷ ನೋಡಿದ್ದರೂ ಎರಡು ಕಲ್ಲು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಗೋಡೆ ಇಲ್ಲಿಯದೇ ಜಂಬಿಟ್ಟಿಗೆ ಕಲ್ಲು. ಕೆತ್ತನೆಯ ಕಪ್ಪುಕಲ್ಲನ್ನು ದೂರದ ವಸಯಿಯಿಂದ ತಂದದ್ದು ಎನ್ನುತ್ತಾರೆ.

ಅಪ್ಪ ಗೋಡೆಯ ಹತ್ತಿರ ಹೋಗಿ ಅಂಗೈಯಿಟ್ಟ. ಕೈಗೆ ಕೆಂಪು ಪುಡಿ ಹತ್ತಿತು. “ಇದಕ್ಕ ಗಿಲಾವು ಇತ್ತವಾ. ಯಾರೋ ಕಿತ್ತಾರ” ಎಂದ. ನನಗೆ ನಗು ಬಂತು. ನಾನೂರು ವರ್ಷದ ಚರ್ಚು. ಹಳೆಯ ಚರ್ಚೆಂದರೆ ಹೀಗೇ ಕೆಂಪಗಿರುತ್ತದೆ, ಎಲ್ಲ ಫೋಟೊಗಳಲ್ಲೂ ಹೀಗೇ ಇದೆ ಎಂದೆ. ಅಪ್ಪ ಕಲ್ಲುಗಳ ನಡುವಿನ ಸಂದು ತೋರಿಸಿದ. “ಬರೇ ಕಲ್ಲು ಕಾಣಬೇಕಂತ ಕಟ್ಟಾವ ಸಂದಿ ಹಿಂಗ ಬಿಡೂದಿಲ್ಲ. ಮ್ಯಾಲ ಸುಣ್ಣದ ಗಿಲಾವು ಬರತೈತಿ ಅಂತ ಗೊತ್ತಿದ್ದಾವಷ್ಟ ಹಿಂಗ ಕಟ್ಟತಾನ. ಆ ಬದಿ ನೋಡು, ಬೆಳ್ಳಗ ಐತಿಲ್ಲ? ಇದೂ ಹಂಗ ಇದ್ದಿರಬೇಕು.”

ಮೊಬೈಲ್‌ನಲ್ಲಿ ಹುಡುಕಿದೆ. ಅಪ್ಪ ಹೇಳಿದ್ದು ಅಕ್ಷರಶಃ ನಿಜ. 1950ರ ದಶಕದಲ್ಲಿ, ಪೋರ್ಚುಗೀಸ್ ಆಡಳಿತವಿದ್ದಾಗಲೇ, ಕಟ್ಟಡ ಹಳೆಯದಾಗಿ ಕಾಣಲಿ ಎಂದು ಹೊರಗಿನ ಸುಣ್ಣದ ಗಾರೆಯನ್ನು ಕಿತ್ತುಹಾಕಿದ್ದರು. ಜಂಬಿಟ್ಟಿಗೆ ಸಣ್ಣ ಸಣ್ಣ ರಂಧ್ರಗಳ ಕಲ್ಲು, ನೀರು ಕುಡಿಯುತ್ತದೆ. ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಗೋಡೆ ಸವೆಯುತ್ತಿದೆ, ಮತ್ತೆ ಗಾರೆ ಹಚ್ಚಿ ಎಂದು 2020ರಲ್ಲಿ ಚರ್ಚಿನ ಮುಖ್ಯಸ್ಥರೇ ಬಹಿರಂಗವಾಗಿ ಕೇಳಿಕೊಂಡಿದ್ದರು. ಆದರೆ ಜನರ ಕಣ್ಣಿಗೆ ಈ ಕೆಂಪು ಒಗ್ಗಿಹೋಗಿದೆ. ನಾವು ‘ಎಷ್ಟು ಪುರಾತನ!’ ಎಂದು ಸೆಲ್ಫಿ ತೆಗೆದುಕೊಳ್ಳುವ ಆ ರೂಪದ ವಯಸ್ಸು ಎಪ್ಪತ್ತು ಚಿಲ್ಲರೆ ವರ್ಷ ಅಷ್ಟೇ. “ಗಿಲಾವು ಅಂದ್ರ ಗ್ವಾಡಿ ಅಂಗಿ ಇದ್ದಂಗ. ಚಂದ ಕಾಣತಾನಂತ ಮಳಿಯಾಗ ಯಾರರ ಅಂಗಿ ಬಿಚ್ಚಿ ನಿಂದರಸ್ತಾರೇನು?” ಎಂದ ಅಪ್ಪ.

ಒಳಗೆ ಹೋಗಲು ಯಾರೂ ತಡೆಯಲಿಲ್ಲ, ಟಿಕೆಟ್ಟೂ ಇರಲಿಲ್ಲ. ಅವ್ವ ಬಾಗಿಲಲ್ಲೇ ಚಪ್ಪಲಿ ಬಿಡಲು ಹೋದಳು. ಎಲ್ಲರೂ ಹಾಕಿಕೊಂಡೇ ಹೋಗುತ್ತಿದ್ದುದನ್ನು ನೋಡಿಯೂ ಆಕೆಯ ಮನಸ್ಸು ಒಪ್ಪಲಿಲ್ಲ. ಕೈಯಲ್ಲಿ ಹಿಡಿದುಕೊಂಡು ಬಂದಳು. ಎದುರಿಗೆ ಮುಗಿಲೆತ್ತರದ ಬಂಗಾರದ ಪೀಠ, ನಡುವೆ ಸಂತ ಇಗ್ನೇಷಿಯಸ್ ಲೊಯೋಲರ ದೊಡ್ಡ ಪ್ರತಿಮೆ, ಅದರ ಕೆಳಗೆ ಬಾಲಯೇಸು. “ಕಟ್ಟಿಗಿ ಮ್ಯಾಲ ಬಂಗಾರದ ಹಾಳಿ ಬಡದಾರ” ಎಂದು ಅಪ್ಪ ಪಿಸುಗುಟ್ಟಿದ.

ಬಲಕ್ಕೆ ಸಂತ ಫ್ರಾನ್ಸಿಸ್ ಝೇವಿಯರ್ ಸಮಾಧಿ. 1552ರಲ್ಲಿ ಚೀನಾ ಕರಾವಳಿಯ ದ್ವೀಪವೊಂದರಲ್ಲಿ ತೀರಿಕೊಂಡ ಅವರ ದೇಹವನ್ನು ಗೋವಾಕ್ಕೆ ತಂದರು. ನಮ್ಮ ಕಡೆಯವರು ಹನ್ನೆರಡು ವರ್ಷಕ್ಕೊಮ್ಮೆ ಶ್ರವಣಬೆಳಗೊಳಕ್ಕೆ ಹೋಗುವ ಹಾಗೆ ಇಲ್ಲಿ ಹತ್ತು ವರ್ಷಕ್ಕೊಮ್ಮೆ ಅವರ ದರ್ಶನಕ್ಕೆ ಲಕ್ಷಾಂತರ ಜನ ಸೇರುತ್ತಾರೆ. ಸಮಾಧಿಯ ವಿವರ ಓದುವಾಗ ನನ್ನ ಮೈ ಜುಮ್ಮೆಂದಿತು. ಅಮೃತಶಿಲೆಯ ಪೀಠವನ್ನು ಕೊಟ್ಟವನು ಮೂರನೇ ಕಾಸಿಮೊ, ಫ್ಲಾರೆನ್ಸ್‌ನ ಮೆಡಿಚಿ ಮನೆತನದವನು! ನಾನು ಪರೀಕ್ಷೆಯಲ್ಲಿ ಬರೆದ ಅದೇ ಮೆಡಿಚಿ. ಪುನರುಜ್ಜೀವನ ಮುಗಿದು ಬರೋಕ್ ಕಾಲ ನಡೆದಿತ್ತು. ಜಿಯೊವಾನ್ನಿ ಬಟಿಸ್ಟಾ ಫೊಗ್ಗಿನಿ ಎಂಬ ಶಿಲ್ಪಿ ಹತ್ತು ವರ್ಷ ದುಡಿದ ಆ ಪೀಠವನ್ನು 1698ರಲ್ಲಿ ಇಲ್ಲಿ ನಿಲ್ಲಿಸಿದರು. ಅದರ ಮೇಲಿನ ಬೆಳ್ಳಿಯ ಪೆಟ್ಟಿಗೆ ಮಾತ್ರ ಅದಕ್ಕೂ ಹಳೆಯದು, ಗೋವಾದ ಅಕ್ಕಸಾಲಿಗರ ಕೈಕೆಲಸ. ಕೆಳಗೆ ಫ್ಲಾರೆನ್ಸ್, ಮೇಲೆ ಗೋವಾ.

ಅಪ್ಪನ ಪ್ರಶ್ನೆ ಬೇರೆಯೇ ಇತ್ತು. “ಕಲ್ಲು ಅಲ್ಲಿಂದ ಹಡಗದಾಗ ಬಂತು ಅಂತಿ. ಇಲ್ಲಿ ಜೋಡಿಸಿದಾವ ಯಾರು?” ಊರಿಗೆ ಬಂದಮೇಲೆ ಹುಡುಕಿದೆ. ಪೀಠದ ತುಂಡುಗಳ ಜೊತೆ ಫ್ಲಾರೆನ್ಸ್‌ನಿಂದ ಪ್ಲಾಸಿಡೊ ರಾಂಪೋನಿ ಎಂಬ ಕೆಲಸಗಾರ ಬಂದಿದ್ದನಂತೆ. ಫೋನಿನಲ್ಲಿ ಹೇಳಿದೆ. ಅಪ್ಪ ಕೇಳಿದ್ದು ಒಂದೇ: “ಮನಿ ಬಿಟ್ಟು ಎಷ್ಟು ದಿನಾ ಇದ್ದ?” ಹೋಗಿಬರಲು ವರ್ಷಗಳೇ ಹಿಡಿದವು ಎಂದೆ. “ಹೂಂ” ಎಂದಷ್ಟೇ ಅಂದ.

ಈ ವರ್ಷದ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ದ ಮುಂದೆ ‘ಗೌಂಡಿ’ ಎಂದು ಬರೆದಿದ್ದೇನೆ. ಗೋಡೆಯನ್ನು ಹೇಗೆ ನೋಡಬೇಕೆಂದು ನನಗೆ ಪುಸ್ತಕ ಕಲಿಸಿದ್ದು ಅರ್ಧ. ಇನ್ನರ್ಧ ಗೊತ್ತಿದ್ದವನು ಯುಗಾದಿಗೂ ದೀಪಾವಳಿಗೂ ಮನೆಗೆ ಬಂದುಹೋಗುತ್ತಿದ್ದ, ನಾನೇ ಕೇಳಿರಲಿಲ್ಲ.

ಜೂನ್‌ನಲ್ಲಿ ಅಪ್ಪನ ಫೋನ್ ಬಂತು. ಮಳೆಯಿಂದ ಕೆಲಸ ನಿಂತಿದೆ, ಈ ತಿಂಗಳು ರೊಕ್ಕ ಸ್ವಲ್ಪ ತಡವಾಗುತ್ತದೆ ಎಂದ. ಅವ್ವನ ಮೊಣಕಾಲು ನೋವು ಕೇಳಿದ, ತಮ್ಮನ ಶಾಲೆ ಕೇಳಿದ. ಫೋನ್ ಇಡುವ ಮುಂಚೆ ಒಂದು ಗಳಿಗೆ ತಡೆದು ಹೇಳಿದ, “ಇಲ್ಲಿ ಮಳಿ ಭಾಳ ಜೋರ ಐತವಾ. ಆ ಕೆಂಪು ಗ್ವಾಡಿ ನೆನಿಯಾಕತ್ತಿರಬೇಕು.”