ಮೆದುಳಿನಲ್ಲಿ ಥೈರಾಯ್ಡ್ ಹಾರ್ಮೋನನ್ನು ನಿಯಂತ್ರಿಸುವ ಕೋಶಗಳು ಮತ್ತು ಮರೆವಿನ ಕಾಯಿಲೆ – ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ವಯೋವೃದ್ಧರಲ್ಲಿ ಕಂಡುಬರುವ ಮರೆವು, ಮಂಕುತನ ಹಾಗೂ ನಿಧಾನಗತಿಯನ್ನು ವಯೋಸಹಜವೆಂದು ಭಾವಿಸಿ ಕುಟುಂಬದವರು ಸುಮ್ಮನಾಗುವುದು ವಾಡಿಕೆಯಾಗಿದೆ. ಆದರೆ ಈ ಲಕ್ಷಣಗಳಿಗೆ ಥೈರಾಯ್ಡ್ ಹಾರ್ಮೋನಿನ ಕೊರತೆಯೂ ಕಾರಣವಾಗಿರಬಹುದು. ಈ ಕೊರತೆಯನ್ನು ರಕ್ತಪರೀಕ್ಷೆಯಿಂದ ಪತ್ತೆ ಹಚ್ಚಬಹುದಾಗಿದ್ದು, ಮಾತ್ರೆಯಿಂದ ಸರಿಪಡಿಸಬಹುದಾಗಿದೆ. ಈ ಹಿನ್ನೆಲೆಯಲ್ಲಿ ಪರೀಕ್ಷೆ ಹಾಗೂ ಚಿಕಿತ್ಸೆಗಾಗಿ ಬರುವ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಥೈರಾಯ್ಡ್ ಹಾರ್ಮೋನು ಎಂದರೇನು?

ಕುತ್ತಿಗೆಯ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯು ಆಹಾರದಲ್ಲಿನ ಅಯೋಡಿನ್ ಬಳಸಿಕೊಂಡು ಮುಖ್ಯವಾಗಿ ಟಿ-4 (ಥೈರಾಕ್ಸಿನ್) ಎಂಬ ಹಾರ್ಮೋನನ್ನೂ, ಅಲ್ಪ ಪ್ರಮಾಣದಲ್ಲಿ ಟಿ-3 ಎಂಬ ಹಾರ್ಮೋನನ್ನೂ ಉತ್ಪಾದಿಸುತ್ತದೆ. ಟಿ-4 ರಲ್ಲಿ ಅಯೋಡಿನ್‌ನ ನಾಲ್ಕು ಪರಮಾಣುಗಳಿದ್ದು, ಅವುಗಳಲ್ಲಿ ಒಂದು ನಿರ್ದಿಷ್ಟ ಪರಮಾಣುವನ್ನು ಕಳಚಿದಾಗ ಅದು ಟಿ-3 ಆಗುತ್ತದೆ. ಕೋಶಗಳ ಮೇಲೆ ಪ್ರಭಾವ ಬೀರುವ ಸಕ್ರಿಯ ರೂಪವು ಟಿ-3 ಆಗಿರುತ್ತದೆ. ಶರೀರದ ಶಾಖ, ಹೃದಯದ ಬಡಿತ, ಮಕ್ಕಳ ಬೆಳವಣಿಗೆ ಹಾಗೂ ಮೆದುಳಿನ ಕಾರ್ಯ ಇವೆಲ್ಲವೂ ಈ ಹಾರ್ಮೋನನ್ನು ಅವಲಂಬಿಸಿವೆ.

2. ಮೆದುಳಿನ ಯಾವ ಕೋಶಗಳು ಇದನ್ನು ನಿಯಂತ್ರಿಸುತ್ತವೆ?

ಮೆದುಳು ತನಗೆ ಅಗತ್ಯವಾದ ಟಿ-3 ರ ಬಹುಭಾಗವನ್ನು ರಕ್ತದಿಂದ ನೇರವಾಗಿ ಪಡೆಯದೆ, ಟಿ-4 ರಿಂದ ತಾನೇ ಸಿದ್ಧಪಡಿಸಿಕೊಳ್ಳುತ್ತದೆ. ಈ ಕಾರ್ಯದಲ್ಲಿ ಮೂರು ಬಗೆಯ ಕೋಶಗಳು ಪಾಲ್ಗೊಳ್ಳುತ್ತವೆ.

ಅ) ಆಸ್ಟ್ರೋಸೈಟ್‌ಗಳು: ಇವು ನಕ್ಷತ್ರಾಕಾರದ ಪೋಷಕ ಕೋಶಗಳು. ಇವುಗಳಲ್ಲಿರುವ ಕಿಣ್ವವು ಟಿ-4 ನ್ನು ಟಿ-3 ಆಗಿ ಪರಿವರ್ತಿಸಿ, ನೆರೆಯ ನರಕೋಶಗಳಿಗೆ ಒದಗಿಸುತ್ತದೆ.

ಆ) ನರಕೋಶಗಳು: ಇವುಗಳಲ್ಲಿರುವ ಮತ್ತೊಂದು ಕಿಣ್ವವು ಹೆಚ್ಚಾದ ಟಿ-3 ನ್ನು ನಿಷ್ಕ್ರಿಯಗೊಳಿಸುತ್ತದೆ. ಹೀಗೆ ಒಂದು ಕೋಶವು ಒದಗಿಸುವುದು, ಮತ್ತೊಂದು ಕೋಶವು ಮಿತಿಗೊಳಿಸುವುದು ಏಕಕಾಲದಲ್ಲಿ ನಡೆಯುತ್ತದೆ.

ಇ) ಟ್ಯಾನಿಸೈಟ್‌ಗಳು: ಮೆದುಳಿನ ಮೂರನೆಯ ಕುಹರದ ತಳಭಾಗದಲ್ಲಿರುವ ಈ ಕೋಶಗಳು ಸಹ ಟಿ-3 ನ್ನು ಸಿದ್ಧಪಡಿಸುತ್ತವೆ. ಅಲ್ಲದೆ, ಥೈರಾಯ್ಡ್ ಗ್ರಂಥಿಯನ್ನು ಪಿಟ್ಯುಟರಿ ಗ್ರಂಥಿಯ ಮೂಲಕ ಪ್ರಚೋದಿಸಲು ಹೈಪೋಥಲಾಮಸ್ ಕಳುಹಿಸುವ ಟಿ.ಆರ್.ಎಚ್. ಎಂಬ ಸಂದೇಶವಸ್ತುವನ್ನು ವಿಭಜಿಸುವ ಕಿಣ್ವವನ್ನೂ ಹೊಂದಿದ್ದು, ಆ ಪ್ರಚೋದನೆಯನ್ನು ಹತೋಟಿಯಲ್ಲಿಡಲು ನೆರವಾಗುತ್ತವೆ.

ಹಾರ್ಮೋನು ಮೆದುಳಿನೊಳಗೆ ಪ್ರವೇಶಿಸಲು ಎಂ.ಸಿ.ಟಿ.-8 ಮೊದಲಾದ ವಾಹಕಗಳು ಅವಶ್ಯಕ. ಈ ವಾಹಕವು ಜನ್ಮತಃ ದೋಷಯುಕ್ತವಾಗಿದ್ದರೆ, ರಕ್ತದಲ್ಲಿ ಟಿ-3 ಹೆಚ್ಚಾಗಿದ್ದರೂ ಮೆದುಳು ಮಾತ್ರ ಕೊರತೆಯಿಂದ ಬಳಲುತ್ತದೆ. 1944 ರಲ್ಲಿ ಮೊದಲು ವಿವರಿಸಲ್ಪಟ್ಟ ಅಲನ್–ಹರ್ನ್‌ಡನ್–ಡಡ್ಲಿ ಎಂಬ ವಿರಳ ಕಾಯಿಲೆಗೆ ಇದೇ ಕಾರಣವೆಂದು ನಂತರ ಕಂಡುಕೊಳ್ಳಲಾಯಿತು.

3. ನರಕೋಶಗಳ ಕ್ಷಯಕ್ಕೂ ಇದಕ್ಕೂ ಇರುವ ಸಂಬಂಧವೇನು?

ನರತಂತುಗಳ ಹೊದಿಕೆಯ (ಮಯಲಿನ್) ರಚನೆಗೆ ಹಾಗೂ ನೆನಪಿಗೆ ಸಂಬಂಧಿಸಿದ ಭಾಗಗಳ ಕಾರ್ಯಕ್ಕೆ ಟಿ-3 ಅವಶ್ಯಕವಾಗಿದೆ. ಅಲ್ಝೈಮರ್ ಕಾಯಿಲೆಯಲ್ಲಿ ಆಸ್ಟ್ರೋಸೈಟ್‌ಗಳ ಆಕಾರ ಮತ್ತು ಕಾರ್ಯ ಎರಡೂ ಬದಲಾಗುತ್ತವೆ. ಈ ಕಾಯಿಲೆಯ ಮುಂದುವರಿದ ಹಂತದಲ್ಲಿ ಮೃತಪಟ್ಟವರ ಮೆದುಳಿನ ಮುಂಭಾಗದಲ್ಲಿ ಟಿ-3 ಪ್ರಮಾಣವು ಕಡಿಮೆಯಿದ್ದುದನ್ನು 2008 ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿದೆ. ಆದರೆ ಈ ಇಳಿಕೆಯು ಕಾಯಿಲೆಯ ಕಾರಣವೋ ಅಥವಾ ಪರಿಣಾಮವೋ ಎಂಬುದು ಇನ್ನೂ ಸಂಶೋಧನೆಯ ವಿಷಯವಾಗಿದೆ. ಆದುದರಿಂದ ಥೈರಾಯ್ಡ್ ಮಾತ್ರೆಯು ಅಲ್ಝೈಮರ್ ಕಾಯಿಲೆಗೆ ಔಷಧಿಯಲ್ಲ ಎಂಬುದನ್ನು ಸಾರ್ವಜನಿಕರು ಗಮನಿಸತಕ್ಕದ್ದು.

4. ಯಾರು ಪರೀಕ್ಷೆ ಮಾಡಿಸಿಕೊಳ್ಳುವುದು ಸೂಕ್ತ?

(1) ಮರೆವಿನ ಜೊತೆಗೆ ಆಯಾಸ, ಮಲಬದ್ಧತೆ, ಒಣಚರ್ಮ, ಚಳಿ ತಡೆಯಲಾಗದಿರುವುದು, ತೂಕ ಹೆಚ್ಚುವುದು, ಧ್ವನಿ ಗಡುಸಾಗುವುದು ಮುಂತಾದ ಲಕ್ಷಣಗಳು ಇರುವವರು.
(2) ಮರೆವಿನ ಕಾಯಿಲೆ ಇರಬಹುದೆಂದು ವೈದ್ಯರು ಶಂಕಿಸಿದ ಎಲ್ಲರೂ.
(3) ಥೈರಾಯ್ಡ್ ಶಸ್ತ್ರಚಿಕಿತ್ಸೆ ಅಥವಾ ವಿಕಿರಣ ಅಯೋಡಿನ್ ಚಿಕಿತ್ಸೆ ಪಡೆದವರು.
(4) ಥೈರಾಯ್ಡ್ ತೊಂದರೆ ಇರುವ ಗರ್ಭಿಣಿಯರು.

ಟಿ.ಎಸ್.ಎಚ್. ಎಂಬ ರಕ್ತಪರೀಕ್ಷೆಯು ಮೊದಲ ಹಂತದ ಪರೀಕ್ಷೆಯಾಗಿದ್ದು, ಅಗತ್ಯವೆನಿಸಿದಲ್ಲಿ ಟಿ-4 ಪರೀಕ್ಷೆಯನ್ನೂ ಮಾಡಲಾಗುತ್ತದೆ. ನವಜಾತ ಶಿಶುಗಳಲ್ಲಿ ಈ ಕೊರತೆಯಿದ್ದು ಮೊದಲ ವಾರಗಳಲ್ಲಿಯೇ ಚಿಕಿತ್ಸೆ ದೊರೆಯದಿದ್ದರೆ ಬುದ್ಧಿಮಾಂದ್ಯತೆ ಶಾಶ್ವತವಾಗಬಹುದು. ಆದುದರಿಂದ ಶಿಶುವಿನ ಪರೀಕ್ಷೆಯ ಬಗ್ಗೆ ಹೆರಿಗೆಯಾದ ಆಸ್ಪತ್ರೆಯಲ್ಲಿಯೇ ವಿಚಾರಿಸುವುದು ಸೂಕ್ತ.

5. ಆಸ್ಪತ್ರೆಗೆ ಬರುವಾಗ ಏನನ್ನು ತರಬೇಕು?

(1) ಹಿಂದಿನ ಪರೀಕ್ಷಾ ವರದಿಗಳು ಮತ್ತು ಔಷಧಿ ಚೀಟಿಗಳು.
(2) ಪ್ರಸ್ತುತ ಸೇವಿಸುತ್ತಿರುವ ಎಲ್ಲ ಮಾತ್ರೆಗಳು.
(3) ಗುರುತಿನ ಚೀಟಿ ಹಾಗೂ ಪಡಿತರ ಚೀಟಿ.
(4) ಮರೆವು ಇರುವವರ ಜೊತೆ, ಅವರ ದಿನಚರಿಯನ್ನು ಬಲ್ಲ ಮನೆಯವರೊಬ್ಬರು ಕಡ್ಡಾಯವಾಗಿ ಬರುವುದು ಒಳಿತು. ಮರೆವು ಎಂದಿನಿಂದ ಆರಂಭವಾಯಿತು ಎಂಬುದನ್ನು ರೋಗಿಯು ತಾನೇ ಹೇಳಲಾಗದಿರಬಹುದು.

6. ಚಿಕಿತ್ಸೆಯಲ್ಲಿರುವವರಿಗೆ ಸೂಚನೆಗಳು

(1) ಥೈರಾಕ್ಸಿನ್ ಮಾತ್ರೆಯನ್ನು ವೈದ್ಯರು ಸೂಚಿಸಿದಂತೆ, ಸಾಮಾನ್ಯವಾಗಿ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಂದಿಗೆ ಸೇವಿಸತಕ್ಕದ್ದು. ಕಬ್ಬಿಣಾಂಶ ಹಾಗೂ ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ ಕನಿಷ್ಠ 4 ಗಂಟೆಗಳ ಅಂತರವಿರಲಿ.
(2) ನೆನಪಿನ ಶಕ್ತಿ ಹೆಚ್ಚುವುದೆಂದು ನಂಬಿ ಈ ಮಾತ್ರೆಯನ್ನು ಸ್ವಯಂ ಸೇವಿಸಬಾರದು. ಹಾರ್ಮೋನು ಅಧಿಕವಾದರೆ ಹೃದಯದ ಬಡಿತ ಏರುಪೇರಾಗುವ ಹಾಗೂ ಮೂಳೆ ಸವೆಯುವ ಅಪಾಯವಿದೆ. 65 ವರ್ಷ ಮೀರಿದ, ಅತ್ಯಲ್ಪ ಕೊರತೆಯಿದ್ದ 737 ಮಂದಿಯ ಮೇಲೆ ಯುರೋಪಿನಲ್ಲಿ ನಡೆದು 2017 ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಮಾತ್ರೆಯಿಂದ ಆಯಾಸ ಹಾಗೂ ಇತರೆ ಲಕ್ಷಣಗಳಲ್ಲಿ ಸುಧಾರಣೆ ಕಂಡುಬರಲಿಲ್ಲ.
(3) ಆರಾಮವೆನಿಸಿತೆಂದು ಮಾತ್ರೆಯನ್ನು ಮಧ್ಯದಲ್ಲಿ ನಿಲ್ಲಿಸಬಾರದು.
(4) ಅಡುಗೆಗೆ ಅಯೋಡಿನ್‌ಯುಕ್ತ ಉಪ್ಪನ್ನೇ ಬಳಸಿ, ಮುಚ್ಚಳವಿರುವ ಡಬ್ಬಿಯಲ್ಲಿ ತೇವ ತಾಗದಂತೆ ಇಡತಕ್ಕದ್ದು.

ಕೊರತೆಯಿಂದ ಉಂಟಾದ ಮಂಕುತನವು ಚಿಕಿತ್ಸೆಯಿಂದ ಕಡಿಮೆಯಾಗಬಹುದು. ಪರೀಕ್ಷೆಯಲ್ಲಿ ಥೈರಾಯ್ಡ್ ಸರಿಯಾಗಿದೆಯೆಂದು ತಿಳಿದುಬಂದರೂ ನಿರಾಶರಾಗದೆ, ಮರೆವಿಗೆ ಬೇರೆ ಕಾರಣವನ್ನು ಕಂಡುಕೊಳ್ಳಲು ವೈದ್ಯರ ಸಲಹೆಯಂತೆ ಮುಂದಿನ ತಪಾಸಣೆಗೆ ಒಳಗಾಗಬೇಕು. ಮನೆಯ ಹಿರಿಯರ ಮರೆವನ್ನು ನಿರ್ಲಕ್ಷಿಸದೆ, ಹತ್ತಿರದ ಸರ್ಕಾರಿ ಆಸ್ಪತ್ರೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.