ಹಾಸನೂರಿನ ನಿರ್ದೇಶಕರಿಗೆ ಯಾವ ಪಾಠ?

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೊರಟ ಬಸ್ಸು ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯುವ ಮೊದಲು ಹಾಸನೂರನ್ನು ಹಾದುಹೋಗುತ್ತದೆ. ಊರು ಸೇರಿದ್ದು ತಮಿಳುನಾಡಿನ ತಾಳವಾಡಿ ತಾಲ್ಲೂಕಿಗೆ, ಆದರೆ ಈ ಸೀಮೆಯ ತುಂಬ ಕೇಳಿಬರುವುದು ಕನ್ನಡ. ಇಲ್ಲಿನ ಕಾಡಂಚಿನ ಸೋಲಿಗರು, ಊರಾಳಿಗಳು ತಲೆಮಾರುಗಳಿಂದ ಜೇನು, ನೆಲ್ಲಿ, ಸೀಗೆ ತಂದು ಮಾರಿದವರು. ಬೆಲೆ ಕಟ್ಟುವ ಮಾತು ಮಾತ್ರ ಅವರದಾಗಿರಲಿಲ್ಲ.

ಆ ಮಾತನ್ನು ಅವರ ಕೈಗೆ ಕೊಡಲು 2013ರಲ್ಲಿ ಕೋತಗಿರಿಯಲ್ಲಿ ಆದಿಮಲೈ ಪಳಂಗುಡಿಯಿನರ್ ಎಂಬ ಉತ್ಪಾದಕರ ಕಂಪನಿ ಹುಟ್ಟಿತು. ಬೆನ್ನಿಗೆ ನಿಂತದ್ದು ಕೀಸ್ಟೋನ್ ಫೌಂಡೇಷನ್. ನೀಲಗಿರಿ ಜೀವಮಂಡಲದ ಮೂಲನಿವಾಸಿಗಳೇ ಇದರ ಷೇರುದಾರರು, ಆಡಳಿತ ಮಂಡಳಿಯೂ ಅವರದೇ. ಹಾಸನೂರು ಇದರ ಕೇಂದ್ರಗಳಲ್ಲೊಂದು. 2021ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಅದೇ ವರ್ಷ ಅದನ್ನು ಪಡೆದ ಇನ್ನೊಂದು ಭಾರತೀಯ ಸಂಸ್ಥೆ ನಮ್ಮ ಹೊನ್ನಾವರ ಸೀಮೆಯ ಸ್ನೇಹಕುಂಜ.

ಕಾಡಿಗೆ ಹೋಗುವವರು ಕಂಪನಿಯ ನಿರ್ದೇಶಕರಾಗುವುದಕ್ಕೆ ದಾರಿ ಮಾಡಿದ್ದು ಒಂದು ಕಾನೂನು; ಅದರ ಹಿಂದಿರುವುದು ಸಹಕಾರ ಸಂಘಗಳ ಅನುಭವ. 1905ರಲ್ಲಿ ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘದ ಆಸೆ ದೊಡ್ಡದು. ಮುಂದಿನ ದಶಕಗಳಲ್ಲಿ ಎಷ್ಟೋ ಸಂಘಗಳು ಸರ್ಕಾರ ಮತ್ತು ರಾಜಕಾರಣದ ಹಿಡಿತಕ್ಕೆ ಸಿಕ್ಕವು. ಸಂಘದ ಮನಸ್ಸನ್ನು ಉಳಿಸಿಕೊಂಡು ಕಂಪನಿಯ ಶಿಸ್ತನ್ನು ತರಬೇಕೆಂದು ವೈ.ಕೆ. ಅಲಘ್ ಸಮಿತಿ ಹೇಳಿತು; ಕಂಪನಿ ಕಾಯ್ದೆಯ 2002ರ ತಿದ್ದುಪಡಿಯಿಂದ ಉತ್ಪಾದಕರ ಕಂಪನಿಗಳು ಬಂದವು. ಹತ್ತು ಉತ್ಪಾದಕರು ಸೇರಿದರೆ ಕಂಪನಿ. ನಿರ್ದೇಶಕರು 5ರಿಂದ 15. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಪೂರ್ಣಾವಧಿಯ ಮುಖ್ಯ ಕಾರ್ಯನಿರ್ವಾಹಕರು ಇರಲೇಬೇಕು. ಅದೇ ಕಾನೂನು ಇನ್ನೊಂದನ್ನೂ ಹೇಳುತ್ತದೆ: ಕಾನೂನಿಗೆ ವಿರುದ್ಧವಾದ ನಿರ್ಣಯಕ್ಕೆ ಒಪ್ಪಿಗೆ ಕೊಟ್ಟ ನಿರ್ದೇಶಕರು, ಅದರಿಂದಾದ ನಷ್ಟವನ್ನು ತಾವೇ ತುಂಬಿಕೊಡಬೇಕು. ಓದಲಾಗದ ಕಾಗದಕ್ಕೆ ಸಹಿ ಹಾಕುವವರ ಮೇಲೆ ಇದು ಸಣ್ಣ ಹೊರೆಯಲ್ಲ.

ದೊಡ್ಡ ಕಂಪನಿಗಳ ನಿರ್ದೇಶಕರಿಗೂ ಪಾಠ ಬೇಕೆಂಬ ಮಾತು ಹಳೆಯದು. ಸೆಬಿಗಾಗಿ ಎನ್.ಆರ್. ನಾರಾಯಣ ಮೂರ್ತಿ ಸಮಿತಿ 2003ರಲ್ಲೇ ತರಬೇತಿಯನ್ನು ಶಿಫಾರಸು ಮಾಡಿತ್ತು, ಕಡ್ಡಾಯ ಮಾಡಲಿಲ್ಲ. 2008ರ ಡಿಸೆಂಬರಿನಲ್ಲಿ ಸತ್ಯಂ ಕಂಪನಿಯ ಆಡಳಿತ ಮಂಡಳಿ, ಅಧ್ಯಕ್ಷರ ಕುಟುಂಬದ ಎರಡು ಸಂಸ್ಥೆಗಳನ್ನು ಕೊಳ್ಳಲು ಒಪ್ಪಿತು. ಆ ಮಂಡಳಿಯಲ್ಲಿ ಹಾರ್ವರ್ಡಿನ ಪ್ರಾಧ್ಯಾಪಕರೂ ಇದ್ದರು. ಮೂರೇ ವಾರದಲ್ಲಿ ಲೆಕ್ಕವೇ ಸುಳ್ಳೆಂದು ಗೊತ್ತಾಯಿತು. 2013ರ ಹೊಸ ಕಂಪನಿ ಕಾಯ್ದೆ ಸ್ವತಂತ್ರ ನಿರ್ದೇಶಕರ ಕರ್ತವ್ಯಗಳನ್ನು ಬರೆದಿಟ್ಟಿತು. 2019ರ ಕೊನೆಗೆ ಅವರಿಗೆ ಆನ್‌ಲೈನ್ ಪರೀಕ್ಷೆಯೂ ಬಂತು.

ಪದವಿ ಇದ್ದವರೇ ಒಪ್ಪಿಗೆ ಕೊಟ್ಟ ಸತ್ಯಂನ ಆ ಸಭೆಯನ್ನು ನೆನೆದರೆ, ತರಬೇತಿ ಎಂದರೆ ಕಾಯ್ದೆಯ ಕಲಂಗಳನ್ನು ಬಾಯಿಪಾಠ ಮಾಡಿಸುವುದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. 2020ರಲ್ಲಿ ಕೇಂದ್ರ ಸರ್ಕಾರ ₹6,865 ಕೋಟಿಯ ಯೋಜನೆಯಲ್ಲಿ 10,000 ರೈತ ಉತ್ಪಾದಕ ಸಂಸ್ಥೆ ಕಟ್ಟಲು ಹೊರಟಾಗ ತರಬೇತಿಯ ಹೊಣೆಯನ್ನು ಲಖನೌದ ಬರ್ಡ್ ಮತ್ತು ಗುರುಗ್ರಾಮದ ಲಿನಾಕ್ ಸಂಸ್ಥೆಗಳಿಗೆ ವಹಿಸಿತು. ವ್ಯವಸ್ಥೆ ಒಳ್ಳೆಯದೇ. ಆದರೆ ಒಂದು ದಿನದ ಭಾಷಣ, ಮಧ್ಯಾಹ್ನದ ಊಟ, ಗುಂಪಿನ ಫೋಟೊಗೆ ಅದು ಮುಗಿಯಬಾರದು. ನಿರ್ದೇಶಕರ ಮುಂದೆ ಬೇರೆ ಯಾರದೋ ಮಾದರಿ ಲೆಕ್ಕವನ್ನಲ್ಲ, ಅವರದೇ ಕಂಪನಿಯ ಜಮಾ-ಖರ್ಚನ್ನು ಇಡಬೇಕು. ಈ ಸಲ ಎಷ್ಟು ಕಿಲೊ ಜೇನು ಕೊಂಡೆವು, ಎಷ್ಟು ಗೋದಾಮಿನಲ್ಲಿ ಉಳಿಯಿತು, ಬಾಕಿ ಯಾರಿಂದ ಬರಬೇಕು? ನಿರ್ದೇಶಕರ ನೆಂಟರಿಂದ ಮಾಲು ಕೊಳ್ಳುವಾಗ ಅವರು ಆ ಚರ್ಚೆಯಲ್ಲಿ ಕೂರಬಹುದೆ? ಸಂಬಳ ಪಡೆಯುವ ಸಿಇಒ ಹೇಳಿದ್ದನ್ನು ಒಪ್ಪದಿದ್ದರೆ ಆ ಅಸಮ್ಮತಿಯನ್ನು ನಡಾವಳಿ ಪುಸ್ತಕದಲ್ಲಿ ಬರೆಸುವುದು ಹೇಗೆ? ಇಷ್ಟು ಬಂದರೆ ನಿರ್ದೇಶಕರು ತಯಾರಾದಂತೆ.

ಲೆಕ್ಕ ಸಲ್ಲಿಸುವುದನ್ನೂ ಕಲಿಸಲೇಬೇಕು. ಸತತ ಮೂರು ವರ್ಷ ವಾರ್ಷಿಕ ಲೆಕ್ಕ ಸಲ್ಲಿಸದ ಕಂಪನಿಯ ನಿರ್ದೇಶಕರು ಐದು ವರ್ಷ ಅನರ್ಹರು. 2017ರಲ್ಲಿ ದೇಶದಲ್ಲಿ ಹೀಗೆ ಅನರ್ಹರಾದವರು ಮೂರು ಲಕ್ಷಕ್ಕೂ ಹೆಚ್ಚು.

ಭಾಷೆಯ ವಿಷಯದಲ್ಲಿ ತಾಳವಾಡಿಗೆ ಒಂದು ಅನುಕೂಲವಿದೆ. ಬರ್ಡ್‌ನ ಶಾಖೆ ಮಂಗಳೂರಿನಲ್ಲಿದೆ, ಕರ್ನಾಟಕದ ರೈತ ಕಂಪನಿಗಳ ತರಬೇತಿ ಕನ್ನಡದಲ್ಲೇ ನಡೆಯುತ್ತದೆ. ಅಲ್ಲಿ ಪಾಠ ಹೇಳುವವರು ಗಡಿ ದಾಟಿ ಬರಲು ಎರಡು ರಾಜ್ಯಗಳ ಅಧಿಕಾರಿಗಳು ಒಮ್ಮೆ ಕೂತು ಮಾತಾಡಿದರೆ ಸಾಕು.